ಅತ್ತೆಗೆ ಹುಷಾರಿಲ್ಲ

ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದ ಅತ್ತೆಯನ್ನು ಸೊಸೆ ಮೊದಲ ಸಲ ಕಾಯಿಲೆ ಬೀಳಿಸಿದ್ದು ಒಂದು ಸೋಮವಾರ ಬೆಳಗ್ಗೆ, ಹೊಲಿಗೆ ಕಾರ್ಖಾನೆಯ ಬಾಗಿಲಲ್ಲಿ, ಚಪ್ಪಲಿ ಕಳಚುತ್ತ. ಅಂದು ತಡವಾಗಿತ್ತು, ತೀರಾ ತಡವಾಗಿತ್ತು. ಶಾಲೆಗೆ ಹೊರಡುವ ಹೊತ್ತಿಗೆ ಮಗಳು ಜಡೆ ಸರಿಯಿಲ್ಲ ಎಂದು ರಂಪ ತೆಗೆದು, ಅಜ್ಜಿ ಹಾಕಿದ್ದನ್ನು ಬಿಚ್ಚಿ, ಅಮ್ಮನೇ ಹಾಕಬೇಕು ಎಂದು ಹಟ ಹಿಡಿದು ಕೂತಿದ್ದಳು. ಕಾರ್ಖಾನೆಯ ಯಜಮಾನಿ ಮೇಡಂ ಗಡಿಯಾರದ ಕೆಳಗೇ ನಿಂತಿದ್ದರು. ಅವರಿಗೆ ಜಡೆಯ ಕಥೆ ಹೇಳುವ ಹಾಗಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅವರು ಕಡ್ಡಿ ಮುರಿದಂತೆ ಹೇಳಿದ್ದರು: ಇಲ್ಲಿ ಮಕ್ಕಳ ನೆಪ ನಡೆಯುವುದಿಲ್ಲ, ಮಕ್ಕಳು ಎಲ್ಲರಿಗೂ ಇದ್ದಾರೆ. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಅತ್ತೆಗೆ ಹುಷಾರಿರಲಿಲ್ಲ ಮೇಡಂ."

ಮೇಡಂ ಅವರ ಮುಖ ತಟ್ಟನೆ ಮೆತ್ತಗಾಯಿತು. ಅವರ ತಾಯಿ ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದು ತೀರಿಕೊಂಡವರು. ಅದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೊದಲೇ ಹೇಳಬಾರದಿತ್ತೆ, ಹೋಗಿ ಸ್ವಲ್ಪ ನೀರು ಕುಡಿದು ಕೆಲಸ ಶುರುಮಾಡು ಎಂದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದವಳಿಗೆ ಉಪಚಾರ ಸಿಕ್ಕಿತು. ಮೊದಲ ದಿನವೇ ಇಷ್ಟು ಮರ್ಯಾದೆ ಸಿಕ್ಕಿದ ಮೇಲೆ ಸುಳ್ಳು ಎದ್ದು ಹೋಗುತ್ತದೆಯೆ? ಅಲ್ಲೇ ಬಿಡಾರ ಹೂಡಿತು.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಹಾಲು, ಎರಡು ಸಾಲು ಮೆಷಿನ್ನು, ಮೂಲೆಯಲ್ಲಿ ಇಸ್ತ್ರಿ, ನಡುವೆ ಬಟ್ಟೆ ಕತ್ತರಿಸುವ ಟೇಬಲ್ಲು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದೇ ಅಲ್ಲಿಯ ಕಸುಬು. ಅವಳು ಸೇರಿದ್ದು ಹೊಲಿದ ಬಟ್ಟೆಯಿಂದ ಹೊರಗಿಣುಕುವ ದಾರದ ತುದಿ ಕತ್ತರಿಸುವ ಕೆಲಸಕ್ಕೆ. ಅಲ್ಲಿಂದ ಟೇಬಲ್ಲಿಗೆ ಏರಲು ಪಟ್ಟ ಪಾಡು ಅವಳಿಗೇ ಗೊತ್ತು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲಿನದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತರಿಸುವ ಮೆಷಿನ್ನು ಓಡಿಸಬೇಕು; ಕೈ ಒಂದು ಕೂದಲೆಳೆಯಷ್ಟು ಜಾರಿದರೂ ಮೇಲಿನಿಂದ ಕೆಳಗಿನವರೆಗೆ ಅಷ್ಟೂ ಅಂಗಿ ಹಾಳು. ಅದುವರೆಗೆ ಗಂಡಸರೇ ನಿಂತಿದ್ದ ಜಾಗದಲ್ಲಿ ಅವಳು ನಿಂತಳು. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು 'ಕತ್ತರಿ'. ಹಾಗೆ ಕರೆದಾಗ ಸಿಡುಕಿದಂತೆ ಮಾಡಿದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಇನ್ನು ಅತ್ತೆ. ಬೆಳಗ್ಗೆ ಎದ್ದು ಅಡುಗೆ ಮಾಡಿ, ಸೊಸೆಯ ಡಬ್ಬಿ ತುಂಬಿ, ಮೊಮ್ಮಗಳನ್ನು ಶಾಲೆಗೆ ಬಿಟ್ಟು, ನಲ್ಲಿ ಸೋರಿದರೆ ತಾವೇ ವಾಷರ್ ಬದಲಿಸಿ, ಮಧ್ಯಾಹ್ನ ಮತ್ತೆ ಶಾಲೆಯ ಗೇಟಿಗೆ ಹಾಜರು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಅವರಂಥ ಇನ್ನೂ ನಾಲ್ಕಾರು ಅಜ್ಜಿಯರು. ಗಂಟೆ ಬಾರಿಸುವುದಕ್ಕೆ ಬಹಳ ಮೊದಲೇ ಹೋಗಿ ಕೂತು ಊರ ಉಸಾಬರಿಯನ್ನೆಲ್ಲ ಮಾತಾಡಿ ಮುಗಿಸುತ್ತಿದ್ದರು. ದಿನವಿಡೀ ದುಡಿಯುವ ಅತ್ತೆಗೆ ಅಂತ ಇದ್ದದ್ದು ಆ ಕಟ್ಟೆಯೊಂದೇ. ಮಗ ದೂರದೂರಿಗೆ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಸೊಸೆ ಟೇಬಲ್ಲಿನ ಮುಂದೆ ನಿಲ್ಲಲು ಆಗುತ್ತಿದ್ದದ್ದು ಅತ್ತೆ ಒಲೆಯ ಮುಂದೆ ನಿಂತಿದ್ದರಿಂದ. ಇದು ಅವಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಅವಳ ಕಥೆ ಹೇಳಹೊರಟರೆ ಮೊದಲು ಸಿಟ್ಟು ಬರುತ್ತದೆ, ಸಿಟ್ಟಿನ ಬೆನ್ನಿಗೇ ಅಯ್ಯೋ ಅನಿಸುತ್ತದೆ.

ಎರಡನೆಯ ಸಲ ಮಗಳ ಶಾಲೆಯಲ್ಲಿ ನಾಟಕವಿತ್ತು. ಮಗಳದು ಮರದ ಪಾತ್ರ. ಮಾತಿಲ್ಲ ಕತೆಯಿಲ್ಲ, ಕೈ ಮೇಲೆತ್ತಿ ನಿಂತರಾಯಿತು. ಆದರೂ ಅಮ್ಮ ಬರಲೇಬೇಕಂತೆ. ಅಂದು ಕಾರ್ಖಾನೆಯ ಮಟ್ಟಿಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ನಿಜದ ಅತ್ತೆ ಮುಂದಿನ ಸಾಲಿನಲ್ಲಿ ಸೊಸೆಯ ಪಕ್ಕ ಕೂತು, ಮರ ಅಲುಗಾಡಿದಾಗಲೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಮಗಳಿಗೆ ಜ್ವರ ಬಂತು. ಜ್ವರ ನಿಜವೇ, ಆದರೆ ಹಾಗೆಂದು ಹೇಳಿದರೆ ನೋಡಿಕೊಳ್ಳಲು ಮನೆಯಲ್ಲಿ ಅತ್ತೆ ಇಲ್ಲವೇ ಎಂದು ಕೇಳುತ್ತಾರೆ. ಸರಿ, ನೋಡಿಕೊಳ್ಳುವ ಅತ್ತೆಗೇ ಮರೆವಿನ ಕಾಯಿಲೆ ಬಂತು. ಇಲ್ಲದ ಕಾಯಿಲೆಯನ್ನು ಮಗಳ ತಲೆಗೆ ಕಟ್ಟಲು ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಬಾಯಲ್ಲಿ ಬಂದದ್ದು ಮೈಗೂ ಬಂದುಬಿಟ್ಟರೆ? ಹಗಲೂ ರಾತ್ರಿ ರಸ್ತೆಯ ಮೇಲಿರುವ ಗಂಡನ ಬಗ್ಗೆಯಂತೂ ಕೊಂದರೂ ಅಂಥ ಮಾತು ಆಡಳು. ಅತ್ತೆಯ ವಿಷಯಕ್ಕೆ ಬಂದಾಗ ಮಾತ್ರ ನಾಲಿಗೆ ಸಲೀಸಾಗಿ ಹೊರಳಿತು.

ಮರೆವಿನ ವಿವರಗಳನ್ನು ಅವಳು ಎಲ್ಲೂ ಹುಡುಕಬೇಕಾಗಿರಲಿಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅದೇ ಕಾಯಿಲೆಯಲ್ಲಿ ಸವೆದು ಹೋಗಿದ್ದರು. ಕೊಟ್ಟ ಬ್ರೆಡ್ಡಿನಲ್ಲಿ ಅರ್ಧವನ್ನು ದಿಂಬಿನ ಕೆಳಗೆ ಅಡಗಿಸಿಡುತ್ತಿದ್ದರು. ಬಾಯಿಗೆ ತುತ್ತು ಇಡುತ್ತಿದ್ದ ಹೆಂಡತಿಯನ್ನೇ, "ಯಾರಮ್ಮ ನೀನು? ಒಳ್ಳೆಯವಳು" ಎನ್ನುತ್ತಿದ್ದರು. ಅತ್ತೆ ಅವರೆದುರು ಒಮ್ಮೆಯೂ ಕಣ್ಣೀರು ಹಾಕಿದವರಲ್ಲ; ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಅಳುತ್ತಿದ್ದರು. ಹೊಸ ಸೊಸೆ ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದಳು. ಆ ಮಾತು, ಆ ಬ್ರೆಡ್ಡು, ಆ ದಿಂಬು, ಎಲ್ಲವನ್ನೂ ಈಗ ಊಟದ ಬಿಡುವಿನಲ್ಲಿ ಅತ್ತೆಯ ಹೆಸರಿಗೆ ಹೊಲಿದು ಹೇಳಿದಳು. ಅಂಗಿಗಳಿಗೆ ಗುಂಡಿ ಹಚ್ಚುವ ಗುಂಡಿಯಮ್ಮ ಎಂಬುವಳಿದ್ದಳು. ಮೈಯೆಲ್ಲ ಬಾಯಿ, ಮನಸ್ಸು ಮಾತ್ರ ಬೆಣ್ಣೆ. ಅವಳು ಕೇಳಿ ಕಣ್ಣೊರೆಸಿಕೊಂಡು ತನ್ನ ಡಬ್ಬಿಯಲ್ಲಿದ್ದುದನ್ನು ಅರ್ಧ ಇವಳಿಗೆ ಬಡಿಸಿದಳು. ಇವಳು ತಿಂದಳು.

ಒಂದು ಮಧ್ಯಾಹ್ನವಂತೂ ಯಾವ ಕಾರಣವೂ ಇರಲಿಲ್ಲ. ಮಗಳು ಚೆನ್ನಾಗಿದ್ದಳು, ಮನೆ ಚೆನ್ನಾಗಿತ್ತು. ಅತ್ತೆಗೆ ಜಾಸ್ತಿಯಾಗಿದೆ ಎಂದು ಹೇಳಿ ಹೊರಬಿದ್ದು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಳು. ಬಸ್ಸುಗಳು ಬಂದವು, ಹೋದವು. ಅವಳು ಯಾವುದನ್ನೂ ಹತ್ತಲಿಲ್ಲ. ಅಮ್ಮಾ ಎಂದು, ಕತ್ತರಿ ಎಂದು, ಯಾರೂ ಕೂಗದ ಒಂದಿಷ್ಟು ಹೊತ್ತು ಅವಳಿಗೆ ಬೇಕಾಗಿತ್ತು, ಅಷ್ಟೆ. ಸಂಜೆ ಮನೆಗೆ ಬಂದಾಗ, ತುಂಬಾ ಸುಸ್ತಾದಂತೆ ಕಾಣುತ್ತೀಯ ಎಂದು ಅತ್ತೆ ಟೀ ತಂದು ಕೈಗೆ ಕೊಟ್ಟರು. ನಾಚಿಕೆ ಅನ್ನುವುದು ಅಂದೇ ಬಂದಿತ್ತು. ಅಂದೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

ಮುಂದಿನ ರಜೆಯ ದಿನ ಅತ್ತೆ ಸ್ಟೂಲಿನ ಮೇಲೆ ನಿಂತು ಫ್ಯಾನಿನ ರೆಕ್ಕೆ ಒರೆಸುತ್ತಿದ್ದರು. ಮೊಮ್ಮಗಳು ಕೆಳಗೆ ಸ್ಟೂಲು ಹಿಡಿದುಕೊಂಡು, ಅಲ್ಲಿ ಧೂಳಿದೆ, ಇಲ್ಲಿ ಧೂಳಿದೆ ಎಂದು ಯಜಮಾನಿಕೆ ಮಾಡುತ್ತಿದ್ದಳು. ಯಾರೋ ಬಾಗಿಲು ತಟ್ಟಿದರು. ಸೊಸೆ ತೆಗೆದು ನೋಡಿದರೆ ಎದುರಿಗೆ ಮೇಡಂ, ಕೈಯಲ್ಲಿ ಹಣ್ಣಿನ ಚೀಲ. ಅವರ ಹಿಂದೆ ಗುಂಡಿಯಮ್ಮ, ಕೈಯಲ್ಲಿ ಬ್ರೆಡ್ಡು. ಬಾಗಿಲನ್ನು ಅರ್ಧಕ್ಕೇ ಹಿಡಿದು ಅಡ್ಡ ನಿಂತಳು.

ಮೆಲ್ಲಗೆ ಮಾತಾಡುವುದು ಗುಂಡಿಯಮ್ಮನಿಗೆ ಹುಟ್ಟಿದಾಗಿನಿಂದ ಬಾರದು. "ಅಜ್ಜಿ ಹೇಗಿದಾರೆ? ಇವತ್ತಾದ್ರೂ ನಿನ್ನ ಗುರುತು ಹಿಡಿದ್ರಾ? ಬ್ರೆಡ್ಡು ಇನ್ನೂ ದಿಂಬಿನ ಕೆಳಗೇ ಬಚ್ಚಿಡ್ತಾರಾ, ಪಾಪ?"

ಸೊಸೆಯ ಬೆನ್ನ ಹಿಂದೆ ಫ್ಯಾನು ಒರೆಸುವ ಸದ್ದು ನಿಂತಿತು. ಮಲಗಿದ್ದಾರೆ ಎಂದಳು, ಆ ದನಿ ಅವಳದೇ ಎಂದು ಅವಳಿಗೇ ಅನಿಸಲಿಲ್ಲ. ಎಬ್ಬಿಸುವುದಿಲ್ಲ, ಒಂದು ಗಳಿಗೆ ನೋಡಿ ಹೋಗುತ್ತೇವೆ ಎಂದು ಮೇಡಂ ಆಗಲೇ ಚಪ್ಪಲಿ ಬಿಟ್ಟಾಗಿತ್ತು. ಭೂಮಿ ಬಾಯಿ ಬಿಟ್ಟು ನುಂಗಬಾರದೆ ಎಂದುಕೊಂಡು ತಿರುಗಿದಳು. ಸ್ಟೂಲು ಖಾಲಿ. ಒದ್ದೆ ಬಟ್ಟೆ ಫ್ಯಾನಿನ ರೆಕ್ಕೆಯಿಂದ ನೇತಾಡುತ್ತಿತ್ತು. ಒಳಗಿನ ಕೋಣೆಯ ಮಂಚದ ಮೇಲೆ ಅತ್ತೆ ಕುತ್ತಿಗೆಯವರೆಗೆ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಗಂಟು ಹಾಕಿದ್ದ ಕೂದಲನ್ನು ಬಿಚ್ಚಿ ಕೆದರಿಕೊಂಡಿದ್ದರು.

ಮೇಡಂ ಮಂಚದ ಅಂಚಿಗೆ ಕೂತು ಅವರ ಕೈ ಹಿಡಿದುಕೊಂಡರು. ಅತ್ತೆ ನಿಧಾನವಾಗಿ ಈ ಕಡೆ ಹೊರಳಿ, ಮೇಡಂ ಅವರನ್ನು ಬಹಳ ಹೊತ್ತು ನೋಡಿ, "ಯಾರಮ್ಮ ನೀನು? ಒಳ್ಳೆಯವಳು" ಎಂದರು. ಅದು ಮಾವನ ದನಿ. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ನಗು. ಅಷ್ಟರಲ್ಲಿ ಮಗಳು ಒಳಗೆ ಬಂದು, ಫ್ಯಾನು ಒರೆಸಿ ಮುಗಿದಿಲ್ಲ, ಅಜ್ಜಿ ಯಾಕೆ ಮಲಗಿದ್ದು ಎಂದು ಶುರುಮಾಡಿದಳು. ಅತ್ತೆಯ ತುಟಿ ಒಂದು ಕ್ಷಣ ಅದುರಿತು. ಆಮೇಲೆ ಹೇಳಿದರು: "ಯಾರ ಮಗು ಇದು? ಮನೆಗೆ ಕಳಿಸಿ. ಅದರಮ್ಮ ಹುಡುಕ್ತಿರ್ತಾಳೆ."

ಮಗಳು ಆಟವೆಂದು ಮೊದಲು ನಕ್ಕಳು. ಅಜ್ಜಿ ನಗಲಿಲ್ಲ. ಮಗುವಿನ ಮುಖ ಸೊಟ್ಟಗಾಯಿತು, ಅಮ್ಮನ ಕಾಲು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿತು. ಗುಂಡಿಯಮ್ಮನೂ ಜೊತೆಗೆ ಅತ್ತಳು. ಮೇಡಂ ಬ್ರೆಡ್ಡು ಮುರಿದು, ಹಾಲು ತರಿಸಿ, ಅದ್ದಿ ಅದ್ದಿ ತಿನ್ನಿಸಿದರು. ಅತ್ತೆ ಒಂದು ತುತ್ತು ತಿಂದರು, ಇನ್ನೊಂದು ತಿಂದರು. ಆಮೇಲೆ ಒಂದು ಒಣ ಚೂರನ್ನು ಎತ್ತಿಕೊಂಡು, ಸೊಸೆಯನ್ನೇ ನೋಡುತ್ತ, ದಿಂಬಿನ ಕೆಳಗೆ ತಳ್ಳಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಹೀಗೇ ತಾನೆ, ಸರಿಯಾಯಿತೆ ಎಂದು ಕೇಳುವ ಹಾಗಿತ್ತು ಅದು.

ಹೊರಡುವಾಗ ಮೇಡಂ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ನಾಳೆಯಿಂದ ಮೂರು ಗಂಟೆಗೇ ಮನೆಗೆ ಹೋಗು, ಸಂಬಳದ ಚಿಂತೆ ಬೇಡ, ಟೇಬಲ್ಲು ನಿನ್ನದೇ ಎಂದರು. ಮಗಳು ಹುಟ್ಟಿದಾಗಿನಿಂದ ಅವಳು ಆಸೆಪಟ್ಟಿದ್ದು ಅದನ್ನೇ: ಕೆಲಸವೂ ಉಳಿಯಬೇಕು, ಶಾಲೆ ಬಿಡುವ ಹೊತ್ತಿಗೆ ತಾನೂ ಗೇಟಿನಲ್ಲಿ ನಿಂತಿರಬೇಕು. ಕೇಳಿದ್ದು ಕೈಗೆ ಬಂದಿತ್ತು. ಥ್ಯಾಂಕ್ಸ್ ಮೇಡಂ ಎಂದಳು. ಅಷ್ಟು ಚಿಕ್ಕವಳಾಗಿ ಅವಳು ಯಾರೆದುರೂ ನಿಂತಿರಲಿಲ್ಲ.

ಅವರು ಬೀದಿಯ ತಿರುವು ದಾಟಿದ ಮೇಲೆ ಅತ್ತೆ ಎದ್ದರು. ಮೊದಲು ಮೊಮ್ಮಗಳನ್ನು ಕರೆದರು. ಮಗು ಅಮ್ಮನ ಹಿಂದೆ ಅಡಗಿತು. "ನಿನ್ನ ಬಿದ್ದ ಹಲ್ಲು ಎಲ್ಲಿಟ್ಟಿದೀಯ ಹೇಳ್ಲಾ? ಬಣ್ಣದ ಪೆನ್ಸಿಲ್ ಡಬ್ಬಿಯಲ್ಲಿ. ಅದು ಅಜ್ಜಿಗಲ್ದೆ ಇನ್ಯಾರಿಗೆ ಗೊತ್ತು?" ಎಂದಾಗ ಓಡಿ ಬಂದು ಕುತ್ತಿಗೆಗೆ ಜೋತುಬಿತ್ತು. ಅಷ್ಟಾದ ಮೇಲೆ ಅತ್ತೆ ಕೂದಲು ಗಂಟು ಹಾಕಿಕೊಂಡು, ಮತ್ತೆ ಸ್ಟೂಲು ಹತ್ತಿ, ಬಿಟ್ಟ ರೆಕ್ಕೆಯಿಂದ ಒರೆಸತೊಡಗಿದರು. ಸೊಸೆ ಸ್ಟೂಲು ಹಿಡಿದು ನಿಂತಳು. ತಲೆ ಎತ್ತಿದರೆ ಅತ್ತೆಯ ಮುಖ ನೋಡಬೇಕಾಗುತ್ತದೆಂದು ಅವರ ಪಾದಗಳನ್ನೇ ನೋಡುತ್ತಿದ್ದಳು.

"ಮಗು ಮೇಲೆ ಸುಳ್ಳು ಕಾಯಿಲೆ ಹೇಳೋಕೆ ನಿನಗೆ ಬಾಯಿ ಬರಲಿಲ್ಲ. ಸರಿ, ಅದು ಮಗು" ಎಂದರು ಅತ್ತೆ ಮೇಲಿನಿಂದ. "ನನ್ನ ಮಗನ ಮೇಲೂ ಹೇಳಲಿಲ್ಲ. ಒಳ್ಳೇದೇ ಮಾಡಿದೆ."

ಒದ್ದೆ ಬಟ್ಟೆಯನ್ನು ಮುಂದಿನ ರೆಕ್ಕೆಗೆ ಸರಿಸಿದರು.

"ನಿಮ್ಮಮ್ಮನಿಗೆ ಹುಷಾರಿಲ್ಲ ಅಂತ ಯಾಕೆ ಹೇಳಲಿಲ್ಲ?"

ಹೊಳೆಯಲಿಲ್ಲ ಎಂದು ಹೇಳಬಹುದಿತ್ತು. ಆದರೆ ಹೊಳೆದಿತ್ತು. ಆ ಮೊದಲ ಸೋಮವಾರವೇ, ಚಪ್ಪಲಿ ಕಳಚುವಾಗಲೇ, ಅಮ್ಮ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು; ಬೇಡ, ಅಮ್ಮನ ಮೇಲೆ ಬೇಡ ಎಂದು ನುಂಗಿಕೊಂಡು ಅತ್ತೆ ಎಂದಿದ್ದಳು. ಬಿಡು, ಈ ಬಟ್ಟೆ ಹಿಂಡಿ ಕೊಡು ಎಂದರು ಅತ್ತೆ. ಹಿಂಡಿ ಕೊಟ್ಟಾಗ ಒಂದೇ ಒಂದು ಮಾತು ಹೇಳಿದರು: ಇದನ್ನು ನಿನ್ನ ಗಂಡನಿಗೆ ಹೇಳಬೇಡ, ಅಪ್ಪನ ವಿಷಯವೆಂದರೆ ಅವನು ಇನ್ನೂ ತಡೆದುಕೊಳ್ಳುವುದಿಲ್ಲ.

ಮಾರನೆಯ ದಿನದಿಂದ ಅವಳು ಮೂರು ಗಂಟೆಗೆ ಟೇಬಲ್ಲು ಬಿಟ್ಟು ಶಾಲೆಯ ಗೇಟಿಗೆ ಹೋದಳು. ಅತ್ತೆ ಮನೆಯಲ್ಲಿ ಉಳಿದರು. ಮರೆವು ಬಂದ ಮುದುಕಿ ಬೀದಿಯಲ್ಲಿ ಒಬ್ಬಳೇ ಓಡಾಡುವ ಹಾಗಿಲ್ಲವಲ್ಲ. ಕಟ್ಟೆಯ ಅಜ್ಜಿಯರು ವಿಚಾರಿಸಿದಾಗ ಸೊಸೆ ಅಲ್ಲೂ ಏನೋ ತಡವರಿಸಿದಳು. ಗುಂಡಿಯಮ್ಮ ಬೇರೆ, ಕಾರ್ಖಾನೆಗೆ ಹೋಗುವಾಗ ಬರುವಾಗ ಕಿಟಕಿಯಲ್ಲಿ ಇಣುಕಿ, ಅಜ್ಜೀ ಎಂದು ಕೂಗಿ, ಒಳಗೆ ಬಂದು ಕೈ ಸವರಿ ಹೋಗುವ ಅಭ್ಯಾಸ ಮಾಡಿಕೊಂಡಳು. ಅವಳ ದನಿ ಕೇಳಿದ ಕೂಡಲೇ ಅತ್ತೆ ಮಾಡುತ್ತಿದ್ದ ಕೆಲಸ ಬಿಟ್ಟು, ಕೂದಲು ಬಿಚ್ಚಿ, ಮಂಚ ಹತ್ತಬೇಕಾಗುತ್ತಿತ್ತು. ಒಮ್ಮೆ ಒಲೆಯ ಮೇಲಿಟ್ಟದ್ದು ಹಾಗೇ ಸೀದುಹೋಯಿತು.

ಒಂದು ಮಧ್ಯಾಹ್ನ ಅವಳು ಮಗಳನ್ನು ಕರೆದುಕೊಂಡು ಬಂದಾಗ ಮನೆಗೆ ಯಾರೂ ಬಂದಿರಲಿಲ್ಲ, ಆದರೂ ಅತ್ತೆ ಕೂದಲು ಬಿಚ್ಚಿಕೊಂಡು ಮಲಗಿದ್ದರು. ಏನಾಯಿತು ಎಂದು ಕೇಳಿದಳು. ಏನೂ ಇಲ್ಲ, ಎದ್ದು ಬಿದ್ದು ಓಡಿ 'ಮಲಗುವುದಕ್ಕಿಂತ' ಮಲಗಿಯೇ ಇರುವುದು ಸುಲಭ, ಅಷ್ಟೆ ಎಂದರು. ಹಾಸಿಗೆ ಸರಿಮಾಡಲು ದಿಂಬು ಎತ್ತಿದರೆ ಕೆಳಗೆ ಒಂದು ಬ್ರೆಡ್ಡಿನ ಚೂರು, ಹೊಸದು. ಗುಂಡಿಯಮ್ಮ ದಿಂಬು ಎತ್ತಿ ನೋಡುತ್ತಾಳೆ, ಅದಕ್ಕೇ ದಿನಾ ಒಂದು ಇಡುತ್ತೇನೆ ಎಂದು ಅತ್ತೆ ಸಹಜವಾಗಿ ಹೇಳಿದರು. ಸೊಸೆ ಆ ಚೂರನ್ನು ಹಿಡಿದುಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ಮರುದಿನ ಬೆಳಗ್ಗೆ ಅತ್ತೆಯ ಚಪ್ಪಲಿಯನ್ನು ತಾನೇ ತಂದು ಅವರ ಮುಂದಿಟ್ಟು, ಕಾರ್ಖಾನೆಗೆ ಹೋಗಿ ಬರೋಣ ಬನ್ನಿ ಎಂದಳು. ಅತ್ತೆಗೆ ಅರ್ಥವಾಯಿತು. ಕೆಲಸ ಹೋಗುತ್ತದೆ, ಯೋಚನೆ ಮಾಡು ಎಂದರು. ಅವಳು ಅವರ ಕೈ ಹಿಡಿದುಕೊಂಡಳು. ಮಗಳನ್ನು ಶಾಲೆಗೆ ಬಿಟ್ಟು, ನಡುಬೀದಿಯಲ್ಲಿ, ಎಲ್ಲರೂ ಓಡಾಡುವ ಹೊತ್ತಿನಲ್ಲಿ ಇಬ್ಬರೂ ನಡೆದರು. ದಾರಿಯಲ್ಲಿ ಸೊಸೆಯೇ ಒಂದೆರಡು ಕಡೆ ಎಡವಿದಳು.

ಮೇಡಂ ಎಂದಿನಂತೆ ಗಡಿಯಾರದ ಕೆಳಗಿದ್ದರು. ಇವರನ್ನು ಕಂಡು ಗಾಬರಿಯಿಂದ ಮುಂದೆ ಬಂದರು. ಇಂಥವರನ್ನು ಇಷ್ಟು ದೂರ ಯಾಕೆ ನಡೆಸಿಕೊಂಡು ಬಂದೆ, ಮನೆಯಲ್ಲಿ ಬಿಡಲು ಯಾರೂ ಸಿಗಲಿಲ್ಲವೆ ಎಂದರು. ಗುಂಡಿಯಮ್ಮ ಸೂಜಿ ಬಿಟ್ಟು ಎದ್ದಳು. ಸೊಸೆಯ ಕಣ್ಣು ತನ್ನ ಟೇಬಲ್ಲಿನ ಕಡೆ ಹೋಯಿತು. ಅತ್ತೆ ಅವಳ ಮುಖ ನೋಡಿದರು. ನೋಡಿ, ನೆಟ್ಟಗಿದ್ದ ಬೆನ್ನನ್ನು ಬಾಗಿಸಿ, ಕಣ್ಣು ಎಲ್ಲೋ ನೆಟ್ಟು, ಅವಳ ಕಡೆಗೇ ತಿರುಗಿ ಕೇಳಿದರು: "ಯಾರಮ್ಮ ನೀನು?"

ಈಗಲೂ ತಪ್ಪಿಸಿಕೋ, ಬಾಗಿಲು ತೆಗೆದೇ ಇದೆ ಎಂದು ಅತ್ತೆ ತೋರಿಸಿಕೊಟ್ಟ ಹಾಗಿತ್ತು. ಆ ಹೊತ್ತಿಗೆ ಅವಳಿಗೆ ಆದ ನಾಚಿಕೆಯ ಮುಂದೆ ಹಿಂದಿನವೆಲ್ಲ ಏನೂ ಅಲ್ಲ.

"ಸಾಕು ಅತ್ತೆ" ಎಂದಳು. "ಇವರಿಗೆ ಏನೂ ಆಗಿಲ್ಲ ಮೇಡಂ. ಬಿದ್ದಿಲ್ಲ, ಮರೆತಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳು. ಅದೆಲ್ಲ ಆಗಿದ್ದು ನಮ್ಮ ಮಾವನಿಗೆ."

ಒಂದೊಂದಾಗಿ ಮೆಷಿನ್ನುಗಳು ನಿಂತವು. ಗುಂಡಿಯಮ್ಮನ ಬಾಯಿ ಮೊದಲ ಸಲ ಕಟ್ಟಿಹೋಗಿತ್ತು. ಮೇಡಂ ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಟೇಬಲ್ಲಿನ ಮೇಲೆ ಹಾಸಿದ್ದ ಬಟ್ಟೆಯ ಕಡೆ ನೋಡುತ್ತ, ಇವತ್ತಿನಿಂದ ದಾರ ಕತ್ತರಿಸುವ ಕಡೆ ಕೂತುಕೋ, ಮೂರು ಗಂಟೆಯ ಮಾತು ಇನ್ನಿಲ್ಲ ಎಂದರು. ಅಲ್ಲಿಂದಲೇ ಅಲ್ಲವೆ ಅವಳು ಶುರುಮಾಡಿದ್ದು, ಮತ್ತೆ ಅಲ್ಲಿಗೇ. ಆಮೇಲೆ ಅತ್ತೆಯ ಕಡೆ ತಿರುಗಿದಾಗ ಮೇಡಂ ಅವರ ದನಿ ಒಡೆದಿತ್ತು. "ನಿಮ್ಮ ಕೈ ಹಿಡ್ಕೊಂಡು ಕಣ್ಣೀರು ಹಾಕಿದೆ ನಾನು. ನೀವಾದ್ರೂ ಹೇಳಬಾರದಿತ್ತಾ?"

ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದರು. "ಹೇಳಬೇಕಿತ್ತು. ಹೇಳೋಣ ಅಂತಲೇ ಇದ್ದೆ" ಎಂದರು. "ಅಷ್ಟರಲ್ಲಿ ನೀವು ಬಾಯಿಗೆ ತುತ್ತು ಇಟ್ರಿ. ನಮ್ಮ ಮನೆಯವರಿಗೆ ವರ್ಷಗಟ್ಟಲೆ ನಾನು ತಿನ್ನಿಸಿದೀನಿ. ನನಗೆ ಅಂತ ಯಾರೂ ತಿನ್ನಿಸಿರಲಿಲ್ಲ. ಬಾಯಿ ತೆರೆದುಬಿಟ್ಟೆ."

ಅಷ್ಟು ಹೇಳಿ, ಶಾಲೆ ಬಿಡುವ ಹೊತ್ತಿಗೆ ನಾನೇ ಗೇಟಿಗೆ ಹೋಗುತ್ತೇನೆ ಎಂದು ಸೊಸೆಗೆ ತಿಳಿಸಿ, ಒಬ್ಬರೇ ಹೊರಟುಹೋದರು. ಸೊಸೆ ನೆಲಕ್ಕೆ ಹಾಸಿದ ಚಾಪೆಯ ಮೇಲೆ, ಬೇರೆ ಯಾರೋ ಕತ್ತರಿಸಿದ ಅಂಗಿಗಳ ರಾಶಿಯ ಮುಂದೆ ಕೂತಳು. ಅಂದು ಅವಳನ್ನು ಯಾರೂ ಕತ್ತರಿ ಎಂದು ಕರೆಯಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಲವಲವಿಕೆಯಿಂದ ಇದ್ದರು. ಕಟ್ಟೆಯಲ್ಲಿ ಇಷ್ಟು ದಿನ ಬಾಕಿಯಿದ್ದ ಸುದ್ದಿಯನ್ನೆಲ್ಲ ಒಂದೇ ದಿನಕ್ಕೆ ತುಂಬಿಕೊಂಡು ಬಂದಿದ್ದರು. ಸೊಸೆ ದಾರಿಯುದ್ದಕ್ಕೂ ಒಂದೇ ಯೋಚನೆ ಮಾಡಿಕೊಂಡು ಬಂದಿದ್ದಳು. ಟೀ ಮಾಡಿ, ಬ್ರೆಡ್ಡು ಮುರಿದು ಅದ್ದಿ, ಅತ್ತೆಯ ಬಾಯಿಯ ಕಡೆಗೆ ಕೈ ಎತ್ತಿದಳು. ಅರ್ಧದಲ್ಲೇ ಕೈ ನಿಂತಿತು. ಹೊರಗಿನ ಹೆಂಗಸು ಮಾಡಿದ್ದನ್ನು ನೋಡಿದ ಮೇಲೆ ತನಗೆ ಇದು ಹೊಳೆಯಿತಲ್ಲ ಎಂದು ಕೈ ಮುಂದೆ ಹೋಗಲಿಲ್ಲ. ತುತ್ತನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಅತ್ತೆಯ ಕಡೆಗೆ ಸರಿಸಿದಳು.

ಅತ್ತೆ ಅದನ್ನೆಲ್ಲ ನೋಡುತ್ತಲೇ ಇದ್ದರು. ತುತ್ತನ್ನು ತಾವೇ ಎತ್ತಿ ಬಾಯಿಗೆ ಹಾಕಿಕೊಂಡು ಹೇಳಿದರು:

"ನಾಚಿಕೆ ಕಳೆದ ಮೇಲೆ ತಿನ್ನಿಸುವಿಯಂತೆ. ನಾನು ಹುಷಾರಾಗೇ ಇದೀನಲ್ಲ, ಅವಸರ ಏನು?"